ಹೂವಮ್ಮನ ಲಾಟೀನು

ದುರ್ಗಮ್ಮ: ಆಗಲ್ಲ ಅಂದ್ರೆ ಆಗಲ್ಲ. ಪೋಸ್ಟರಿನ ಮೂಲೇಲಿ ಅಷ್ಟು ದಪ್ಪಗೆ 'ಎ' ಅಂತ ಹಾಕಿದಾರೆ, ಕಾಣಲ್ವಾ?

ರಂಗಪ್ಪ: 'ಎ' ಅಂದ್ರೆ ವಯಸ್ಸಾದೋರು ನೋಡಬಹುದು ಅಂತ ಕಣೇ. ಬರೋ ವರ್ಷ ನನಗೆ ರಿಟೈರ್‌ಮೆಂಟು. ಇನ್ನೆಷ್ಟು ವಯಸ್ಸಾಗಬೇಕು?

ದುರ್ಗಮ್ಮ: ರಿಟೈರ್ ಆಗೋರು ಮೊಮ್ಮಕ್ಕಳ ಹೆಸರು ಯೋಚನೆ ಮಾಡ್ತಾರೆ.

ರಂಗಪ್ಪ: ಮಾರಾಯ್ತಿ, ಅದು ನಮ್ಮ ನಾಟಕ! 'ಹೊಸಿಲು ದಾಟಿದ ಹೂವಮ್ಮ'. ಅದನ್ನೇ ಸಿನಿಮಾ ಮಾಡಿದಾರೆ. ಸಾಹುಕಾರನ ಪಾರ್ಟು ಇಷ್ಟು ವರ್ಷ ಮಾಡಿದೋನು ನಾನು. ಅಲ್ಲಿ ಯಾವನು ಮಾಡಿದಾನೆ, ಹೆಂಗೆ ಮಾಡಿದಾನೆ ಅಂತ ನೋಡಬೇಡ್ವಾ?

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನ ಆ ಮನೆಯ ಜಗುಲಿಯಲ್ಲಿ ದುರ್ಗಮ್ಮ ಅವರೆಕಾಯಿ ಸುಲಿಯುತ್ತಿದ್ದರು. ರಂಗಪ್ಪ ಶಿವಮೊಗ್ಗದ ಬಸ್ಸಿಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಪ್ರತಿ ವರ್ಷ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಕಾರ್ಮಿಕರು ಆಡುತ್ತಿದ್ದುದು ಆ ನಾಟಕವನ್ನೇ. ಹೊರಗಿನಿಂದ ನಟಿಯರನ್ನು ಕರೆಸಬಾರದೆಂಬುದು ಅವರ ಸಂಘದ ನಿಯಮ. ಆದ್ದರಿಂದ ಹೂವಮ್ಮನ ಪಾತ್ರ ಫೌಂಡ್ರಿಯ ಮಂಜಪ್ಪನದು.

ರಂಗಪ್ಪ: ಮೊದಲ ರಾತ್ರಿ ಸೀನಲ್ಲಿ ನಾನು, "ಹೂವಮ್ಮಾ, ಈ ಬೆಳಕಿಗೂ ನಾಚಿಕೆಯಾಗುತ್ತಿದೆ!" ಅಂತ ಲಾಟೀನು ಆರಿಸ್ತೀನಿ. ಪರದೆ ಬೀಳುತ್ತೆ. ಆಮೇಲೆ ಸಾಹುಕಾರ ಏನು ಮಾಡ್ತಾನೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ದುರ್ಗಮ್ಮ: ಇಬ್ಬರು ಮಕ್ಕಳಾದ ಮೇಲೂ?

ರಂಗಪ್ಪ: ನಾಟಕದ ವಿಷಯ ಹೇಳ್ತಿದೀನಿ!

ದುರ್ಗಮ್ಮ: ನಾಟಕದಲ್ಲಿ ಏನಾಗುತ್ತೆ ಅಂತ ಊರಿಗೇ ಗೊತ್ತು. ಮಂಜಣ್ಣ ವಿಗ್ ತೆಗೆದು ಬೀಡಿ ಹಚ್ತಾರೆ. ಪರದೆ ಬೀಳೋದು ನಿಧಾನ, ಬೀಡಿ ಹತ್ತೋದು ಬೇಗ. ನಿಮ್ಮಮ್ಮ ಮುಂದಿನ ಸಾಲಲ್ಲಿ ಕೂತು, ಕತ್ತಲಲ್ಲೂ ಹೂವಮ್ಮನ ಮೂಗುಬೊಟ್ಟು ಎಷ್ಟು ಕೆಂಪಗೆ ಹೊಳೀತದೆ ನೋಡು ಅಂದಿದ್ರು.

ಅಷ್ಟರಲ್ಲಿ ಮಂಜಪ್ಪನೇ ಬಂದ. ದಪ್ಪ ಮೀಸೆಯ, ಅಗಲ ಭುಜದ ಆಳು. ವಾರ್ಷಿಕೋತ್ಸವ ಹತ್ತಿರ ಬಂದರೂ ಅವನು ಮೀಸೆ ತೆಗೆದಿರಲಿಲ್ಲ. ರಂಗಪ್ಪನವರ ಸಂಕಟವೆಲ್ಲ ಆ ಮೀಸೆಯಲ್ಲೇ ಇತ್ತು.

ಮಂಜಪ್ಪ: ಅತ್ತಿಗೆ, ನಮಸ್ಕಾರ. ರಂಗಣ್ಣ, ನೀನು ನೋಡ್ಕೊಂಡು ಬಾ ಇಲ್ಲಾ ಬಿಡು, ನಾನಂತೂ ಈ ಸಲ ಸೀರೆ ಉಡಲ್ಲ.

ರಂಗಪ್ಪ: ಹಂಗನ್ನಬೇಡ ಮಾರಾಯ. ನೀನು ಇಲ್ಲ ಅಂದ್ರೆ ನಾಟಕ ಬಿಟ್ಟು ಆರ್ಕೆಸ್ಟ್ರಾ ಇಡ್ತೀವಿ ಅಂತ ಕಮಿಟಿಯೋರು ಹೇಳಿದಾರೆ. ನನ್ನ ಕೊನೇ ನಾಟಕ ಇದು.

ಮಂಜಪ್ಪ: ಫೌಂಡ್ರೀಲಿ ಹುಡುಗರು ನನ್ನ ಕಂಡ್ರೆ ಶಿಳ್ಳೆ ಹೊಡೀತಾರೆ. "ಹೂವಕ್ಕಾ, ಪೋಸ್ಟರ್ ನೋಡಿದ್ವಿ" ಅಂತಾರೆ. ಆ ಸಿನಿಮಾದಲ್ಲಿ ನನ್ನ ಕೈಲಿ ಏನೇನು ಮಾಡಿಸಿದಾರೋ!

ದುರ್ಗಮ್ಮ: ನಿಮ್ಮ ಕೈಲಿ ಏನೂ ಮಾಡಿಸಿಲ್ಲ ಮಂಜಣ್ಣ. ಅದು ಬೇರೆ ಹುಡುಗಿ.

ಮಂಜಪ್ಪ: ಪಾರ್ಟು ನಂದಲ್ವಾ ಅತ್ತಿಗೆ? ಮರ್ಯಾದೆ ಹೋದ್ರೆ ಇಬ್ಬರದೂ ಹೋಗುತ್ತೆ. ಬಾವಿ ಹತ್ರ ಹೂವಮ್ಮ ಅಳೋ ಸೀನಾದ್ರೂ ಇಟ್ಟಿದಾರೋ ಇಲ್ಲವೋ.

ದುರ್ಗಮ್ಮ: ಇಟ್ಟಿದಾರೆ. ಆದ್ರೆ ಅವಳಿಗೆ ಅಳೋಕೆ ಬರಲ್ಲ.

ದುರ್ಗಮ್ಮ ಇನ್ನೊಂದು ಅವರೆಕಾಯಿ ತೆಗೆದುಕೊಂಡರು. ಗಂಡಸರಿಬ್ಬರೂ ಅವರತ್ತ ತಿರುಗಿದರು.

ರಂಗಪ್ಪ: ನಿನಗೆ ಹೆಂಗೆ ಗೊತ್ತು?

ದುರ್ಗಮ್ಮ: ಮೊನ್ನೆ ಸೀರೆಗೆ ಫಾಲ್ಸ್ ತರ್ತೀನಿ ಅಂತ ಪಕ್ಕದ್ಮನೆ ಜಯಾ ಜೊತೆ ಶಿವಮೊಗ್ಗಕ್ಕೆ ಹೋಗಿದ್ದೆನಲ್ಲ, ಗಾಂಧಿ ಬಜಾರಿಗೆ.

ರಂಗಪ್ಪ: ಫಾಲ್ಸ್ ಸಿಗಲಿಲ್ಲ ಅಂದಿದ್ದೆ.

ದುರ್ಗಮ್ಮ: ಎಲ್ಲಿ ಸಿಗುತ್ತೆ? ಅಂಗಡಿಗೆ ಹೋಗಲೇ ಇಲ್ಲ.

ರಂಗಪ್ಪ: 'ಎ' ಸಿನಿಮಾ ನೋಡಿದ್ಯಾ?

ದುರ್ಗಮ್ಮ: ಹೆಂಗಸರಿಗೇ ಅಂತ ಬೇರೆ ಶೋ ಇಟ್ಟಿದ್ರು. ಗಂಡಸರು ಒಬ್ಬರೂ ಇಲ್ಲ ಅಂದ್ಮೇಲೆ ಅದರಲ್ಲಿ ನಾಚಿಕೆ ಏನು ಬಂತು? ಚಕ್ಕುಲಿ ತಗೊಂಡು ಹೋಗಿದ್ವಿ.

ಮಂಜಪ್ಪ ಜಗುಲಿಯ ಅಂಚಿನಲ್ಲಿ ಮೆಲ್ಲಗೆ ಕುಳಿತ.

ಮಂಜಪ್ಪ: ಅತ್ತಿಗೆ, ನಿಜ ಹೇಳಿ. ಸಾಹುಕಾರ ಲಾಟೀನು ಆರಿಸ್ತಾನಲ್ಲ, ಆಮೇಲೆ?

ದುರ್ಗಮ್ಮ: ಆರಿಸಲ್ಲ.

ರಂಗಪ್ಪ: ಏನು?

ದುರ್ಗಮ್ಮ: ಲಾಟೀನು. ಆ ಹೀರೋ ಅದನ್ನ ಆರಿಸೋದೇ ಇಲ್ಲ. ಅದಕ್ಕೇ 'ಎ' ಕೊಟ್ಟಿರೋದು. ಮಿಕ್ಕಿದ್ದೆಲ್ಲಾ ನಿಮ್ಮ ನಾಟಕಾನೇ.

ರಂಗಪ್ಪ: ಆರಿಸಲ್ವಾ? ಹಂಗಾದ್ರೆ ಆ ಡೈಲಾಗು?

ದುರ್ಗಮ್ಮ: ಡೈಲಾಗು ಹೇಳ್ತಾನೆ. ಬೆಳಕಿಗೂ ನಾಚಿಕೆ ಅಂತಾನೆ. ಅವನಿಗೆ ಮಾತ್ರ ಇಲ್ಲ.

ಮಂಜಪ್ಪ: ಅತ್ತಿಗೆ, ಅಳೋದು...?

ದುರ್ಗಮ್ಮ: ನೀವು ಬಾವಿಕಟ್ಟೆ ಹಿಡ್ಕೊಂಡು "ಅವ್ವಾ" ಅಂದ್ರೆ ನನಗೆ ತವರು ನೆನಪಾಗುತ್ತೆ. ಅವಳು ಅತ್ತಾಗ ಜಯಾ ಚಕ್ಕುಲಿ ಕೇಳಿದ್ಲು. ಆ ಹುಡುಗಿ ನಿಮ್ಮ ಹತ್ರ ಕಲೀಬೇಕು ಮಂಜಣ್ಣ.

ಮಂಜಪ್ಪನ ಕೈ, ಇಲ್ಲದ ಜಡೆಯನ್ನು ಒಮ್ಮೆ ಮುಂದಕ್ಕೆ ಹಾಕಿಕೊಂಡಿತು. ನಂತರ ಮೀಸೆಯ ಮೇಲೆ ಹೋಗಿ ನಿಂತಿತು.

ಮಂಜಪ್ಪ: ರಂಗಣ್ಣ, ನಾಳೆ ಬೆಳಿಗ್ಗೆ ಬೋಳಿಸ್ತೀನಿ. ಆರ್ಕೆಸ್ಟ್ರಾದೋರಿಗೆ ಬರಬೇಡಿ ಅಂತ ಹೇಳಿಬಿಡು.

ರಂಗಪ್ಪ ಹರ್ಷಪಟ್ಟರು. ಆದರೂ ಅಲ್ಲಿಂದ ಕದಲಲಿಲ್ಲ. ಅಂಗಿಯ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

ರಂಗಪ್ಪ: ಲೇ, ಸಾಹುಕಾರನ ವಿಷಯ ನೀನು ಹೇಳಲೇ ಇಲ್ಲ. ಅವನು ಚೆನ್ನಾಗಿ ಮಾಡಿದಾನೋ, ನಾನೋ?

ದುರ್ಗಮ್ಮ: ಲಾಟೀನು ಆರಿಸೋದು ನೀವೇ ಚೆನ್ನಾಗಿ ಆರಿಸ್ತೀರಿ.

ರಂಗಪ್ಪ: ಅಷ್ಟೇನಾ?

ದುರ್ಗಮ್ಮ: ಸಣ್ಣ ಕೆಲಸ ಅಂದ್ಕೊಂಡ್ರಾ? ಅದೊಂದು ಮಾಡಿದ್ದಿದ್ರೆ ಅವನ ಸಿನಿಮಾಕ್ಕೆ ಮಕ್ಕಳನ್ನೂ ಕರ್ಕೊಂಡು ಹೋಗಬಹುದಿತ್ತು.

ರಂಗಪ್ಪ ಗಂಭೀರವಾಗಿ ಯೋಚಿಸಿದರು. ಕೊನೆಯ ನಾಟಕ. ಊರಿನ ಅರ್ಧ ಜನ ಆ ಸಿನಿಮಾ ನೋಡಿ ಬಂದಿರುತ್ತಾರೆ.

ರಂಗಪ್ಪ: ಮಂಜ, ಈ ಸಲ ನಾವೂ ಲಾಟೀನು ಆರಿಸದೇ ಇದ್ರೆ ಹೆಂಗೆ?

ಮಂಜಪ್ಪ ಗಾಬರಿಯಿಂದ ಎದ್ದು ನಿಂತ.

ಮಂಜಪ್ಪ: ಮತ್ತೆ ನಾನು ಬೀಡಿ ಯಾವಾಗ ಸೇದಲಿ?