ಪೋಷಕರ ಸಹಿ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಬಸ್ ಟಿಕೆಟ್. ಹೆಬ್ಬೆರಳಿನಷ್ಟಿದ್ದ ಆ ಚೀಟಿಯನ್ನು ಹೆಂಡತಿ ಪ್ಯಾಂಟಿನ ಜೇಬಿನಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದುದನ್ನು ಕಂಡಾಗ ಗ್ರಾಜುಯೇಟರ ಬಾಯಲ್ಲಿದ್ದ ಬ್ರಷ್ಷು ಇದ್ದಲ್ಲಿಯೇ ನಿಂತುಬಿಟ್ಟಿತು.

"ಏನ್ರೀ ಇದು? ನಲವತ್ತೇಳನೇ ನಂಬರ್ ಬಸ್ಸು ನಿಮ್ಮ ಗೋದಾಮಿನ ಕಡೆ ಹೋಗಲ್ವಲ್ಲ. ಅದು ಕಾಲೇಜಿನ ದಾರಿ."

"ನಿದ್ದೆ ಬಂದು ಸ್ಟಾಪು ತಪ್ಪಿಹೋಯ್ತು ಕಣೇ," ಎಂದರು ಗ್ರಾಜುಯೇಟರು, ನೊರೆಯ ನಡುವಿನಿಂದ.

"ಹೋದ ವಾರವೂ ಹಿಂಗೇ ನಿದ್ದೆ ಬಂದಿತ್ತು."

"ಆವತ್ತೂ ಸುಸ್ತಾಗಿತ್ತು."

ಹೆಂಡತಿ ಇನ್ನೂ ಏನೋ ಕೇಳುವವಳಿದ್ದಳು. ಅಷ್ಟರಲ್ಲಿ ಅವಳ ಫೋನು ಕೊಕ್ಕೊಕ್ಕೋ ಎಂದು ಕೂಗಿತು. ಇರುವ ರಿಂಗ್‌ಟೋನುಗಳನ್ನೆಲ್ಲ ಬಿಟ್ಟು ಅವಳು ಕೋಳಿಯ ಕೂಗನ್ನೇ ಹುಡುಕಿ ಹಾಕಿಕೊಂಡಿದ್ದಳು. ಫೋನಿನಲ್ಲಿ "ಬಂದೆ, ಬಂದೆ" ಎಂದು ಪಿಸುಗುಟ್ಟಿ, "ದೊಡ್ಡಮ್ಮನಿಗೆ ಜಾಸ್ತಿಯಾಗಿದೆಯಂತೆ ರೀ, ಹೋಗಿ ಬರ್ತೀನಿ," ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಳು. ಊರಿನ ಆಚೆ ತುದಿಯಲ್ಲಿದ್ದ ಆ ದೊಡ್ಡಮ್ಮ ಒಂದೂವರೆ ವರ್ಷದಿಂದ ಇವತ್ತೋ ನಾಳೆಯೋ ಎಂಬಂತಿದ್ದರು. ಅವರ ಆಯುಷ್ಯ ಗಟ್ಟಿಯಿರಲಿ ಎಂದು ಗ್ರಾಜುಯೇಟರು ಮನಸಾರೆ ಹಾರೈಸಿ ಬಾಯಿ ತೊಳೆದುಕೊಂಡರು.

ಗ್ರಾಜುಯೇಟರು ಎಂಬುದು ಅವರ ಹೆಸರಲ್ಲ, ಸೋದರಮಾವ ಕೊಟ್ಟ ಬಿರುದು. ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯ ಮಾತುಕತೆಗೆ ಕುಳಿತಾಗ, "ನಮ್ಮ ಹುಡುಗಿ ಡಿಗ್ರಿ ಮುಗಿಸಿದ್ದಾಳೆ" ಎಂದು ಹೆಣ್ಣಿನ ಕಡೆಯವರು ಹೇಳಿದರು. ಕೂಡಲೇ ಇವರ ಸೋದರಮಾವ, "ನಮ್ಮ ಹುಡುಗನೇನು ಕಮ್ಮಿಯೇ?" ಎಂದು ಕೂತಲ್ಲೇ ಒಂದು ಡಿಗ್ರಿ ದಯಪಾಲಿಸಿಬಿಟ್ಟರು. ನಿಜ ಹೇಳಬೇಕೆಂದರೆ ನಮ್ಮ ಗ್ರಾಜುಯೇಟರು ಮೊದಲ ವರ್ಷದ ಅರ್ಧದಲ್ಲೇ ಕಾಲೇಜಿಗೆ ಕೈಮುಗಿದು ಬಂದವರು. ಅಂದು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಂದಿನಿಂದಲೂ ಒಳಗೊಳಗೇ ಬೆವರುತ್ತಿದ್ದರು. ಹೆಂಡತಿ ಪತ್ರಿಕೆ ಹಿಡಿದು ಕೂತರೆ ಸಾಕು, ಎಲ್ಲಿ ಏನು ಕೇಳಿಬಿಡುತ್ತಾಳೋ ಎಂದು ಹಿತ್ತಿಲಿಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸುತ್ತಾ ನಿಲ್ಲುತ್ತಿದ್ದರು.

ಕೊನೆಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಗಟ್ಟಿ ಮನಸ್ಸು ಮಾಡಿ ಸಂಜೆ ಕಾಲೇಜಿಗೆ ಸೇರಿಕೊಂಡರು. ಮನೆಯಲ್ಲಿ ಹೇಳಿದ್ದು, ಗೋದಾಮಿನಲ್ಲಿ ಸ್ಟಾಕ್ ಎಣಿಸುವ ಕೆಲಸ ಇದೆ ಎಂದು. ಮೂರು ವರ್ಷ ಹೇಗೋ ಗುಟ್ಟು ಕಾಪಾಡಿಕೊಂಡರೆ ಹೇಳಿದ ಸುಳ್ಳು ನಿಜವಾಗಿಬಿಡುತ್ತದೆ, ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಆದರೆ ಈ ಟಿಕೆಟ್ಟುಗಳು ಅವರ ಪಾಲಿನ ಶತ್ರುಗಳಾದವು. ಎಸೆದರೆ ಚೆಕಿಂಗ್‌ನವರ ಭಯ, ಇಟ್ಟುಕೊಂಡರೆ ಹೆಂಡತಿಯ ಭಯ. ಹಾಗಾಗಿ ಮನೆಯ ಸ್ಟಾಪು ಹತ್ತಿರವಾಗುತ್ತಿದ್ದಂತೆ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ, ಬಾಯಿಗೆ ಹಾಕಿಕೊಂಡು, ಅಗಿದು ನುಂಗುವ ಅಭ್ಯಾಸ ಮಾಡಿಕೊಂಡರು. ಮೂರು ತಿಂಗಳಲ್ಲಿ ಒಂದು ನೋಟ್‌ಬುಕ್ಕಿನಷ್ಟು ಕಾಗದ ಹೊಟ್ಟೆಗಿಳಿದಿತ್ತು. ಆದರೂ ಎರಡು ಸಲ ಮರೆತಿದ್ದರು, ಎರಡು ಸಲವೂ ಸಿಕ್ಕಿಬಿದ್ದಿದ್ದರು.

ಇದಕ್ಕೆಲ್ಲ ಒಂದೇ ಮದ್ದು ವಿದ್ಯಾರ್ಥಿ ಪಾಸು. ಪಾಸಿದ್ದರೆ ಟಿಕೆಟ್ಟೇ ಇಲ್ಲ. ಪಾಸನ್ನು ಬೂಟಿನೊಳಗೆ ಅಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡರಾಯಿತು. ಅರ್ಜಿ ಕೊಡಲು ಅದೇ ಕೊನೆಯ ದಿನ.

ಪಾಸ್ ಕಚೇರಿ ಬಸ್ ನಿಲ್ದಾಣದ ಹಿಂಭಾಗದಲ್ಲಿತ್ತು. ಹಾಲಿನ ನಡುವೆ ಆಳೆತ್ತರದ ಪ್ಲೈವುಡ್ ಗೋಡೆ. ಈಚೆ ಕಡೆ 'ಹೊಸ ಪಾಸ್' ಕಿಟಕಿ, ಆಚೆ ಕಡೆ 'ನವೀಕರಣ' ಕಿಟಕಿ. ಎರಡಕ್ಕೂ ಸೇರಿ ಒಬ್ಬರೇ ಮೇಡಂ. ದಪ್ಪ ಕನ್ನಡಕದ ಆ ಮೇಡಂ ತಿರುಗುವ ಕುರ್ಚಿಯಲ್ಲಿ ಕುಳಿತು ಒಂದು ಸಲ ಈ ಕಡೆಗೆ, ಒಂದು ಸಲ ಆ ಕಡೆಗೆ ತಿರುಗಿ ಸೀಲು ಒತ್ತುತ್ತಿದ್ದರು.

ಗ್ರಾಜುಯೇಟರು ಸಾಲಿನಲ್ಲಿ ನಿಂತು ಕರವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡರು. ಹಿಂದೆ ನಿಂತಿದ್ದ, ಕುತ್ತಿಗೆಗೆ ಇಯರ್‌ಫೋನ್ ನೇತುಹಾಕಿಕೊಂಡಿದ್ದ ಹುಡುಗಿ ಅವರ ಭುಜ ತಟ್ಟಿದಳು.

"ಅಂಕಲ್, ಪಾಸು ಮಗನಿಗಾ, ಮಗಳಿಗಾ?"

"ಸ್ವಂತಕ್ಕೆ," ಎಂದರು ಗ್ರಾಜುಯೇಟರು, ತಮಗೇ ಕೇಳಿಸದಷ್ಟು ಮೆಲ್ಲಗೆ. ಅವಳಿಗೆ ಕೇಳಿಸಿತು.

"ಅಯ್ಯೋ! ಅಂಕಲ್ ಸ್ಟೂಡೆಂಟಂತೆ ಕಣ್ರೋ!"

ಇಡೀ ಸಾಲು ತಿರುಗಿತು. ಯಾರೋ ಚಪ್ಪಾಳೆ ಹೊಡೆದರು. ಒಬ್ಬ ಫೋಟೋ ತೆಗೆಯಲು ಫೋನೆತ್ತಿದಾಗ ಗ್ರಾಜುಯೇಟರ ಕರವಸ್ತ್ರ ಪೂರ್ತಿ ಮೇಲೇರಿತು. ಹುಡುಗಿಯೇ ಅವನನ್ನು ಗದರಿಸಿ ಫೋನು ಇಳಿಸಿದಳು. ಅಲ್ಲಿಂದಾಚೆಗೆ ಅವರ ಪಾಸಿನ ಹೊಣೆಯನ್ನೂ ಅವಳೇ ಹೊತ್ತುಕೊಂಡಂತೆ ಕಂಡಿತು.

ಕಿಟಕಿ ಬಂತು. ಮೇಡಂ ಅರ್ಜಿ ನೋಡಿದರು, ಮುಖ ನೋಡಿದರು, ಮತ್ತೆ ಅರ್ಜಿ ನೋಡಿದರು.

"ಪೋಷಕರ ಸಹಿ ಎಲ್ಲಿ?"

"ಮೇಡಂ, ನನಗೆ ನಲವತ್ತೊಂಬತ್ತು ವರ್ಷ."

"ನಿಯಮದಲ್ಲಿ ವಿದ್ಯಾರ್ಥಿಗೆ ವಯಸ್ಸಿನ ಮಿತಿ ಇಲ್ಲ. ಪೋಷಕರಿಲ್ಲದ ವಿದ್ಯಾರ್ಥಿಯೂ ಇಲ್ಲ. ತಂದೆ ಇದ್ದಾರಾ?"

"ತೀರಿಕೊಂಡು ಹತ್ತು ವರ್ಷ ಆಯ್ತು."

"ಹಂಗಾದ್ರೆ ಹೆಂಡತಿ. ಮದುವೆಯಾದವರಿಗೆ ಗಂಡನೋ ಹೆಂಡತಿಯೋ ಸಹಿ ಮಾಡಿದ್ರೆ ನಡೆಯುತ್ತೆ. ನಾಲ್ಕು ಗಂಟೆಯೊಳಗೆ ಕರ್ಕೊಂಡು ಬನ್ನಿ. ಮುಂದಿನವರು!"

ಹೆಂಡತಿ! ಯಾರಿಂದ ಬಚ್ಚಿಡಲು ಇಷ್ಟೆಲ್ಲ ಒದ್ದಾಟವೋ ಅವಳದ್ದೇ ಸಹಿ ಬೇಕಂತೆ! ಗ್ರಾಜುಯೇಟರು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಇಯರ್‌ಫೋನ್ ಹುಡುಗಿ ತನ್ನ ಕೆಲಸ ಮುಗಿಸಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಇಷ್ಟಕ್ಕೆಲ್ಲ ಯಾಕೆ ಅಂಕಲ್ ಟೆನ್ಷನ್ನು? ಗೋಂದಜ್ಜ ಇದ್ದಾರಲ್ಲ."

ಕಚೇರಿಯ ಗೇಟಿನ ಬಳಿ ಒಂದು ಮೇಜು, ಒಂದು ಗೋಂದಿನ ಬಾಟಲಿ, ಒಂದು ಸ್ಟೇಪ್ಲರ್ ಇಟ್ಟುಕೊಂಡು ಕುಳಿತ ಮುದುಕನಿಗೆ ಆ ಹೆಸರು. ಫೋಟೋ ಅಂಟಿಸುವುದು, ಅರ್ಜಿ ತುಂಬುವುದು ಅವನ ವೃತ್ತಿ, ಅಪ್ಪನಾಗುವುದು ಉಪವೃತ್ತಿ. ಗೋಂದಜ್ಜ ಗ್ರಾಜುಯೇಟರನ್ನು ಮೇಲಿನಿಂದ ಕೆಳಗೆ ನೋಡಿ, "ಸ್ವಲ್ಪ ವಯಸ್ಸಾದ ಮಗ. ಪರವಾಗಿಲ್ಲ, ಬೇಗ ಮದುವೆಯಾಗಿದ್ದೆ ಅನ್ನೋಣ," ಎಂದು ಕೋಲು ಹಿಡಿದು ಎದ್ದ. ತೀರಿಕೊಂಡ ಅಪ್ಪನ ಬಗ್ಗೆ ಏನು ಹೇಳುವುದು ಎಂದು ಗ್ರಾಜುಯೇಟರು ತೊದಲಿದರು. "ನಾನು ಚಿಕ್ಕಪ್ಪ. ಸಾಕಿ ಬೆಳೆಸಿದವನು," ಎಂದು ಅಜ್ಜ ನಿಂತಲ್ಲೇ ಸಂಬಂಧ ಬದಲಾಯಿಸಿದ.

ಕಿಟಕಿಯ ಮುಂದೆ ನಿಂತು ಅರ್ಜಿಗೆ ಸಹಿ ಹಾಕಿದ್ದೇ ತಡ, ಅಜ್ಜನಿಗೆ ಪಾತ್ರ ಮೈಮೇಲೆ ಬಂತು.

"ಏನು ಹೇಳ್ಲಿ ಮೇಡಂ, ಇವನು ಚಿಕ್ಕಂದಿನಿಂದಲೂ ಹೀಗೇ. ಪುಸ್ತಕ ಕಂಡ್ರೆ ಓಡಿಹೋಗೋನು. ಜೊತೆಗಾರರೆಲ್ಲ ಮಕ್ಕಳ ಮದುವೆ ಮಾಡಿದ್ರು, ಇವನು ಇನ್ನೂ ಮೊದಲನೇ ವರ್ಷ!" ಎಂದು ಗ್ರಾಜುಯೇಟರ ಬೋಳುತಲೆಗೆ ಫಟ್ಟನೆ ಒಂದು ಕೊಟ್ಟ. "ಈ ಸಲವಾದ್ರೂ ಓದ್ತೀಯೇನೋ? ಮೇಡಂ ಮುಂದೆ ಹೇಳು!"

"ಓದ್ತೀನಿ ಚಿಕ್ಕಪ್ಪ," ಎಂದರು ಗ್ರಾಜುಯೇಟರು. ಸಾಲಿನಲ್ಲಿ ನಗು ತಡೆಯಲಾಗದೆ ಒಂದಿಬ್ಬರು ಕೆಳಗೇ ಕೂತರು.

ಮೇಡಂ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಪಕ್ಕದ ಕಂತೆಯಿಂದ ಒಂದೊಂದಾಗಿ ಆರು ಅರ್ಜಿ ಎಳೆದು ಮೇಜಿನ ಮೇಲೆ ಹರಡಿದರು.

"ಅಜ್ಜಾ, ಬೆಳಗ್ಗೆ ಹತ್ತರಿಂದ ನಿಮಗೆ ನಾಲ್ಕು ಜನ ಮಕ್ಕಳು, ಇಬ್ಬರು ಮೊಮ್ಮಕ್ಕಳು. ಒಬ್ಬೊಬ್ಬರದು ಒಂದೊಂದು ಬಡಾವಣೆ. ಈಗ ಇವರು ಏಳನೆಯವರು."

"ದೊಡ್ಡ ಕುಟುಂಬ ಮೇಡಂ," ಎಂದು ಅಜ್ಜ ಅಳುಕದೆ ಹೇಳಿ, ಕೋಲನ್ನು ಅಲ್ಲೇ ಬಿಟ್ಟು, ಕಾಲಿಗೆ ಬುದ್ಧಿ ಹೇಳಿದ.

ಮೇಡಂ ಏಳು ಅರ್ಜಿಗಳಲ್ಲೂ ಅಜ್ಜನ ಸಹಿಯ ಮೇಲೆ ಕೆಂಪು ಗೀಟು ಎಳೆದರು. "ಸುಳ್ಳು ಸಹಿ ಹಾಕಿಸಿದವರಿಗೆ ಇನ್ನು ಪಾಸಿಲ್ಲ. ಕಾಲೇಜಿಗೂ ಪತ್ರ ಹೋಗುತ್ತೆ, ಹೆಸರು ತೆಗೆದುಹಾಕ್ತಾರೆ. ನಿಮಗೆ ವಯಸ್ಸಾಗಿದೆ ಅಂತ ಒಂದೇ ಒಂದು ಅವಕಾಶ. ಈಗಲೇ, ನನ್ನ ಮುಂದೆ, ಮನೆಗೆ ಫೋನ್ ಮಾಡಿ."

ಫೋನು ಮಾಡಿದರೆ ಹೆಂಡತಿಗೆ ಗೊತ್ತಾಗುತ್ತದೆ, ಮಾಡದಿದ್ದರೆ ಕಾಲೇಜೇ ಹೋಗುತ್ತದೆ. ಗ್ರಾಜುಯೇಟರು ಫೋನು ತೆಗೆದು ಮತ್ತೆ ಜೇಬಿಗಿಡಲು ಹೋದರು. "ಕೊಡಿ ಅಂಕಲ್, ಆಂಟಿ ಹತ್ರ ನಾನು ಮಾತಾಡ್ತೀನಿ," ಎಂದು ಇಯರ್‌ಫೋನ್ ಹುಡುಗಿ ಫೋನು ಕಿತ್ತುಕೊಂಡು, 'ಮನೆ' ಎಂದಿದ್ದ ನಂಬರು ಒತ್ತಿಯೇಬಿಟ್ಟಳು.

ಕೊಕ್ಕೊಕ್ಕೋ!

ಪ್ಲೈವುಡ್ ಗೋಡೆಯ ಆಚೆ ಕಡೆಯಿಂದ ಕೋಳಿ ಕೂಗಿತು. ಗ್ರಾಜುಯೇಟರು ಬೆಚ್ಚಿಬಿದ್ದರು. ಕಾಕತಾಳೀಯ ಇರಬೇಕು, ಇಂಥ ಕೆಟ್ಟ ಅಭಿರುಚಿ ಲೋಕದಲ್ಲಿ ಇನ್ನೊಬ್ಬರಿಗೂ ಇರಬಹುದು ಎಂದು ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ, ಕೋಳಿಯ ಕೂಗು ನಿಂತು, ಹುಡುಗಿಯ ಕೈಯಲ್ಲಿದ್ದ ಫೋನಿನಿಂದಲೂ ಗೋಡೆಯ ಆಚೆಯಿಂದಲೂ ಒಂದೇ ದನಿ ಒಟ್ಟಿಗೆ ಕೇಳಿಸಿತು.

"ಹಲೋ, ರೀ, ದೊಡ್ಡಮ್ಮನಿಗೆ ಗ್ಲೂಕೋಸ್ ಹಾಕ್ತಿದ್ದಾರೆ, ಆಮೇಲೆ ಮಾಡ್ತೀನಿ."

ಮೇಡಂ ಕುರ್ಚಿಯನ್ನು ಮೆಲ್ಲನೆ ಆ ಕಡೆಗೆ ತಿರುಗಿಸಿದರು. 'ನವೀಕರಣ' ಕಿಟಕಿಯ ಮುಂದೆ ಫೋನು ಕಿವಿಗಿಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಮೇಡಂ ಅವಳ ಅರ್ಜಿಯ ವಿಳಾಸ ನೋಡಿದರು, ಗ್ರಾಜುಯೇಟರ ಅರ್ಜಿಯ ವಿಳಾಸ ನೋಡಿದರು. "ಅಮ್ಮಾ, ಸ್ವಲ್ಪ ಈ ಕಡೆ ಬನ್ನಿ," ಎಂದರು.

ಹೆಂಡತಿ ಗೋಡೆ ಸುತ್ತಿಕೊಂಡು ಬಂದಳು. ಒಂದು ಕೈಯಲ್ಲಿ ಕಾಲೇಜಿನ ಗುರುತಿನ ಚೀಟಿ, ಹೆಗಲಲ್ಲಿ ಪುಸ್ತಕಗಳಿದ್ದ ಅದೇ ಚೀಲ. ಗಂಡನನ್ನು ನೋಡಿ ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಗ್ರಾಜುಯೇಟರದ್ದು ಆಗಲೇ ತೆರೆದಿತ್ತು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದವರು ಈಗ ತಾನೇ ಒಬ್ಬರನ್ನೊಬ್ಬರು ಕಂಡವರಂತೆ ನಿಂತರು.

"ನೀನು... ಡಿಗ್ರಿ..."

"ನಮ್ಮಪ್ಪ ಸುಮ್ನೆ ಹೇಳಿದ್ದು ರೀ," ಎಂದಳು ಹೆಂಡತಿ. ಕಣ್ಣಲ್ಲಿ ನೀರು ಬಂದಿತ್ತು. "ನೀವು ಗ್ರಾಜುಯೇಟು, ನಾನು ಏನೂ ಅಲ್ಲ ಅಂತ ಒಳಗೇ ಕೊರಗ್ತಿದ್ದೆ. ಅದಕ್ಕೇ ಬೆಳಗಿನ ಕಾಲೇಜಿಗೆ ಸೇರ್ಕೊಂಡೆ."

ಸಾಲಿನಲ್ಲಿ ಈಗ ಯಾರೂ ನಗಲಿಲ್ಲ. ಇಯರ್‌ಫೋನ್ ಹುಡುಗಿ ಮೂಗು ಒರೆಸಿಕೊಂಡು, "ಮೇಡಂ, ಆಂಟಿ ಬಂದ್ರಲ್ಲ, ಅಂಕಲ್‌ಗೆ ಸಹಿ ಮಾಡ್ತಾರೆ, ಪಾಸು ಕೊಟ್ಬಿಡಿ," ಎಂದಳು. ಗ್ರಾಜುಯೇಟರ ಜೀವಕ್ಕೆ ಜೀವ ಬಂತು. ಗುಟ್ಟು ಹೋದರೆ ಹೋಯಿತು, ಪಾಸಾದರೂ ಸಿಕ್ಕೀತು.

"ಒಂದು ನಿಮಿಷ," ಎಂದರು ಮೇಡಂ. ಹೆಂಡತಿಯ ಹಳೆಯ ಕಡತ ತೆಗೆದು ಕಳೆದ ವರ್ಷದ ಅರ್ಜಿಯನ್ನು ಗ್ರಾಜುಯೇಟರ ಮುಂದೆ ಹಿಡಿದರು. "ಇಲ್ಲಿ ಪೋಷಕರು ಅಂತ ಸಹಿ ಮಾಡಿರೋದು ನೀವೇನಾ?"

ಗ್ರಾಜುಯೇಟರು ಬಗ್ಗಿ ನೋಡಿದರು. ಅವರ ಹೆಸರು, ಅವರ ಸಹಿ. ಅವರು ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದಿಲ್ಲ. ತಲೆಯೆತ್ತಿದರೆ ಹೆಂಡತಿಯ ಮುಖ ಸುಣ್ಣದಂತಾಗಿತ್ತು. ಮೇಜಿನ ಮೇಲೆ ಕೆಂಪು ಗೀಟು ಎಳೆದ ಏಳು ಅರ್ಜಿಗಳು ಇನ್ನೂ ಹರಡಿಕೊಂಡಿದ್ದವು. ಅಲ್ಲ ಎಂದರೆ ಅವಳ ಪಾಸು, ಅವಳ ಕಾಲೇಜು, ಎಲ್ಲ ಈಗಲೇ ಮುಗಿಯುತ್ತದೆ.

"ನಂದೇ ಮೇಡಂ," ಎಂದರು.

"ಸಂತೋಷ." ಮೇಡಂ ನಿಯಮದ ಪುಸ್ತಕ ತೆರೆದರು. "ಕಲಂ ಹನ್ನೊಂದು. ಒಬ್ಬ ವಿದ್ಯಾರ್ಥಿಗೆ ಪೋಷಕರಾಗಿ ಸಹಿ ಮಾಡಿದವರು ಸ್ವತಃ ವಿದ್ಯಾರ್ಥಿ ರಿಯಾಯಿತಿ ಪಡೆಯುವಂತಿಲ್ಲ. ಇವರ ಓದು ಮುಗಿಯೋವರೆಗೂ ನೀವು ಪೋಷಕರು." ಹೆಂಡತಿಯ ಅರ್ಜಿಗೆ ಹಸಿರು ಸೀಲು ಬಿತ್ತು, ಗ್ರಾಜುಯೇಟರದಕ್ಕೆ ಕೆಂಪು ಸೀಲು. ಕಿಟಕಿ ಮುಚ್ಚಿತು.

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಹೆಂಡತಿ ಹೊಸ ಪಾಸು ತೋರಿಸಿದಳು, ಗ್ರಾಜುಯೇಟರು ಪೂರ್ತಿ ಟಿಕೆಟ್ ತೆಗೆದುಕೊಂಡರು.

"ದೊಡ್ಡಮ್ಮ ಹೇಗಿದ್ದಾರೆ?" ಎಂದರು ಗ್ರಾಜುಯೇಟರು.

"ಗುಂಡುಕಲ್ಲಿನ ಹಾಗಿದ್ದಾರೆ. ನಿಮ್ಮ ಸ್ಟಾಕ್ ಎಣಿಸಿ ಮುಗೀತಾ?"

"ಇನ್ನೂ ಮೊದಲನೇ ವರ್ಷ."

"ನಾನು ಎರಡನೇ ವರ್ಷ. ಸೀನಿಯರ್ ಹತ್ರ ಮರ್ಯಾದೆಯಿಂದ ಮಾತಾಡಿ," ಎಂದು ಹೆಂಡತಿ ನಕ್ಕಳು. ನಗುತ್ತಲೇ ಅವರ ಕಡೆ ಸ್ವಲ್ಪ ಸರಿದು ಕೂತು, "ನಂದೇ ಅಂದ್ರಲ್ಲ ರೀ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ," ಎಂದಳು.

ಗ್ರಾಜುಯೇಟರ ಎದೆ ಹಗುರಾಯಿತು. ಪಾಸು ಹೋದರೇನಂತೆ, ಇನ್ನು ಬಚ್ಚಿಡುವಂಥದ್ದು ಏನೂ ಇಲ್ಲ, ಹೆದರುವಂಥದ್ದೂ ಇಲ್ಲ. ಕಿಟಕಿಯಾಚೆ ತಮ್ಮ ಬೀದಿಯ ತಿರುವು ಕಾಣಿಸಿತು. ಹೆಂಡತಿಯ ಮುಖವನ್ನೇ ನೋಡುತ್ತಿದ್ದಂತೆ ಅವರ ಬೆರಳುಗಳು ತಮ್ಮಷ್ಟಕ್ಕೆ ತಾವೇ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿದವು. ಬಾಯಿ ತೆರೆಯಿತು, ಅಗಿಯಿತು, ನುಂಗಿತು.

ಸ್ಟಾಪಿನಲ್ಲಿ ಬಸ್ಸು ನಿಂತಿತು. ಇಬ್ಬರೂ ಏಳುವಷ್ಟರಲ್ಲಿ ಖಾಕಿ ಕೋಟಿನ ಇನ್‌ಸ್ಪೆಕ್ಟರ್ ಹತ್ತಿ ಬಾಗಿಲಿಗೆ ಅಡ್ಡ ನಿಂತ.

"ಚೆಕಿಂಗ್! ಯಾರೂ ಇಳಿಯೋ ಹಾಗಿಲ್ಲ. ಟಿಕೆಟ್ ತೋರಿಸಿ ಯಜಮಾನ್ರೇ."

ಗ್ರಾಜುಯೇಟರ ಕೈ ಜೇಬಿಗೆ ಹೋಗಿ ಹಾಗೆಯೇ ನಿಂತಿತು. ನಾಲಗೆಯ ಮೇಲೆ ಶಾಯಿಯ ಒಗರು ಇನ್ನೂ ಇತ್ತು.

"ತಗೊಂಡಿದ್ದೆ ಸಾರ್... ನುಂಗಿಬಿಟ್ಟೆ."

ಇನ್‌ಸ್ಪೆಕ್ಟರ್ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಕೇಳದ ಮಾತು ಕೇಳಿ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ದಂಡದ ಪುಸ್ತಕ ತೆಗೆದು, ಪಾಸು ಹಿಡಿದು ಪಕ್ಕದಲ್ಲಿ ನಿಂತಿದ್ದ ಹೆಂಗಸನ್ನು ಕೇಳಿದ.

"ಇವರು ನಿಮಗೇನಾಗಬೇಕಮ್ಮ?"

ಹೆಂಡತಿ ಗಂಡನ ಮುಖ ನೋಡಿದಳು, ಕೈಯಲ್ಲಿದ್ದ ಹಸಿರು ಸೀಲಿನ ಪಾಸು ನೋಡಿದಳು.

"ಪೋಷಕರು ಸಾರ್," ಎಂದಳು.