ಇಗತಪುರಿಯ ಮೋಡ, ನಾಸಿಕದ ಗಲ್ಲಾ

ಎಲ್ಲ ಶುರುವಾದದ್ದು ಕಿಟ್ಟಣ್ಣನ ಮೊಣಕಾಲಿನಿಂದ. ನಾಸಿಕದಲ್ಲಿ ಅಪ್ಪ ಕಟ್ಟಿದ ಹೋಟೆಲಿನ ಗಲ್ಲಾದಲ್ಲಿ ಇನ್ನು ಕೂರಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಆ ಗಲ್ಲಾದ ಕುರ್ಚಿಗೆ ದಿನಾ ಬೆಳಿಗ್ಗೆ ದೇವರ ಜೊತೆಗೇ ಊದುಬತ್ತಿ. ಮನೆತನದವರಲ್ಲದೆ ಬೇರೆ ಯಾರೂ ಅದರಲ್ಲಿ ಕೂತದ್ದಿಲ್ಲ. ಈಗ ಅದು ಮಗ ಸ್ವರೂಪನಿಗೂ ಬೇಕು, ಸಂಭಾಜಿನಗರದ ಶಾಖೆ ನೋಡಿಕೊಳ್ಳುವ ಮಗಳು ನಿಶ್ಮಿತಾಳಿಗೂ ಬೇಕು.

ಕಿಟ್ಟಣ್ಣನ ತಮ್ಮ ಅರವಿಂದ ರಾಯರು ಕಾನೂನು ಓದಿದ್ದೇ ಆ ಕುರ್ಚಿಯ ಹೆದರಿಕೆಗೆ. ನಾಸಿಕದ ಕೋರ್ಟಿನಲ್ಲಿ ಕರಿಕೋಟು ತೊಟ್ಟರೂ ಮಧ್ಯಾಹ್ನದ ಊಟದ ಗದ್ದಲಕ್ಕೆ ಗಲ್ಲಾದಲ್ಲಿ ಕೂರಲು ಅಪ್ಪ ಕರೆಯುತ್ತಿದ್ದರು. ವ್ಯಾಪಾರ ಒಪ್ಪಂದಗಳ ವಕೀಲರಾಗಿ ದಿಲ್ಲಿಗೆ ಓಡಿದರು. ಅಲ್ಲಿಗೂ ಅಪ್ಪನ ಫೋನು ಬಂತು, ಜಿನೀವಾಕ್ಕೆ ಓಡಿದರು. ಹೀಗೆ ಓಡುತ್ತ ಓಡುತ್ತ ದೇಶದ ಹಿರಿಯ ಆರ್ಥಿಕ ರಾಜತಾಂತ್ರಿಕರೇ ಆಗಿಬಿಟ್ಟರು. ಈರುಳ್ಳಿ ಸುಂಕಕ್ಕೆ ಕಿತ್ತಾಡುತ್ತಿದ್ದ ದೇಶಗಳನ್ನು ಒಂದೇ ಮೇಜಿಗೆ ಕೂರಿಸಿ ಚಹಾ ಕುಡಿಸಿದ ಪುಣ್ಯಾತ್ಮ!

ಈಗ ನಿವೃತ್ತಿ. ಇಗತಪುರಿಯಲ್ಲೊಂದು ಪುಟ್ಟ ಮನೆ ಹಿಡಿದಿದ್ದರು. ಮಳೆಗಾಲದಲ್ಲಿ ಅಲ್ಲಿ ಮೋಡ ಒಂದು ಕಿಟಕಿಯಿಂದ ಬಂದು, ಯಾರನ್ನೂ ಕೇಳದೆ ಇನ್ನೊಂದರಿಂದ ಹೋಗುತ್ತದೆ. ಏನೂ ಮಾಡದೆ ಅದನ್ನು ನೋಡುತ್ತ ಕೂರಬೇಕು, ಅಷ್ಟೇ ಅವರ ಆಸೆ. ಹೋಗುವ ದಾರಿಯಲ್ಲಿ ಅಣ್ಣನನ್ನು ನೋಡಲು ನಾಸಿಕದಲ್ಲಿ ಇಳಿದಿದ್ದರು. ಅಂದೇ ಸಂಜೆ ರೈಲು, ಜೇಬಿನಲ್ಲಿ ಮನೆಯ ಕೀಲಿ.

“ದೇಶ ದೇಶ ರಾಜಿ ಮಾಡಿಸಿದವ ನೀನು. ಈ ಎರಡು ಮಕ್ಕಳು ನಿನಗೆಂತ ದೊಡ್ಡದು ಮಾರಾಯ?” ಎಂದ ಕಿಟ್ಟಣ್ಣ.

ಹೋಟೆಲಿನ ಮೂಲೆಯ ಮೇಜಿನಲ್ಲಿ ಮಾತುಕತೆ ಶುರುವಾಯಿತು.

“ಕಾಕಾ, ಇವನು ಗಲ್ಲಾದಲ್ಲಿ ಕೂತು ಕ್ರಿಕೆಟ್ ನೋಡ್ತಾನೆ,” ಎಂದಳು ನಿಶ್ಮಿತಾ.

“ತೂ ಗಪ್ ಬಸ್!” ಬಾಯಿ ಮುಚ್ಚಿ ಕೂರೆಂದು ಸ್ವರೂಪ ಮರಾಠಿಯಲ್ಲಿ ಅಬ್ಬರಿಸಿದ.

ದಿನಾ ಇಡ್ಲಿಗೆ ಬರುವ ಬ್ಯಾಂಕಿನ ಗುರುಲಿಂಗಪ್ಪ ಪಕ್ಕದ ಮೇಜಿನಿಂದ ಬಾಯಿ ಹಾಕಿದರು: “ಪಾಳಿ ಮ್ಯಾಲೆ ಕುಂಡ್ರಸ್ರಿ ಸಾಹೇಬ್ರ!”

ಪಾಳಿ ಎಂದಕೂಡಲೇ ಭಾನುವಾರ ಯಾರದೆಂದು ಜಗಳ ಹತ್ತಿತು. ಇಬ್ಬರೂ ಓಡಿಹೋಗಿ ಒಟ್ಟಿಗೆ ಕೂತದ್ದರಿಂದ ಗಲ್ಲಾದ ಕುರ್ಚಿಯ ಒಂದು ಕೈ ಮುರಿದು ಬಿತ್ತು. ಅಡುಗೆಮನೆಯಿಂದ ಇಡ್ಲಿಯ ಹಬೆ ತೇಲಿ ಬಂತು. ರಾಯರಿಗೆ ಅದು ಇಗತಪುರಿಯಾಗಿ ಕಂಡಿತು. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ಆ ಹಬೆಯೊಳಗೇ ಅವರಿಗೆ ಸೂತ್ರ ಹೊಳೆಯಿತು.

“ಸದ್ಯ ಇಬ್ಬರೂ ಬೇಡ. ತಟಸ್ಥರೊಬ್ಬರು ಕೂರಲಿ. ಮನೆತನದವರೇ ಆಗಬೇಕು, ಹೋಟೆಲಿನ ಮೇಲೆ ಆಸೆ ಇರಬಾರದು. ನಿಮ್ಮಿಬ್ಬರಿಗೂ ಅವರ ಮೇಲೆ ನಂಬಿಕೆ ಬೇಕು. ಬೇರೆ ಕೆಲಸವೂ ಇರಬಾರದು.”

“ಒಪ್ಪಿಗೆ,” ಎಂದ ಸ್ವರೂಪ. “ನನಗೂ,” ಎಂದಳು ನಿಶ್ಮಿತಾ. ಅಣ್ಣ ತಂಗಿ ಕೈ ಕುಲುಕಿದರು. ಗುರುಲಿಂಗಪ್ಪ ಚಪ್ಪಾಳೆ ತಟ್ಟಿದರು. ಜಿನೀವಾದಲ್ಲೂ ಇಷ್ಟು ಚೆಂದದ ಒಪ್ಪಂದ ಮಾಡಿರಲಿಲ್ಲವೆಂದು ರಾಯರು ಉಬ್ಬಿಹೋದರು.

ಅತ್ತಿಗೆ ಅನಸೂಯ ಸೆರಗಿಗೆ ಕೈ ಒರೆಸುತ್ತ ಅಡುಗೆಮನೆಯಿಂದ ಬಂದರು. “ಹಾಗಿರುವವರು ನಮ್ಮಲ್ಲಿ ಒಬ್ಬರೇ ಅಲ್ವಾ ಇರುವುದು?”

ಎಲ್ಲರೂ ರಾಯರತ್ತ ತಿರುಗಿದರು. ರಾಯರು ಬಾಗಿಲಿನತ್ತ ತಿರುಗಿದರು. ಅಲ್ಲಿ ಕಿಟ್ಟಣ್ಣ ಕೈಚಾಚಿ ನಿಂತಿದ್ದ.

“ಆ ಇಗತಪುರಿ ಮನೆಯ ಕೀಲಿ ಕೊಡು. ಡಾಕ್ಟರು ಹವಾ ಬದಲಾಯಿಸ್ಲಿಕ್ಕೆ ಹೇಳಿದ್ದಾರೆ. ನಿನ್ನ ಟಿಕೆಟ್ ಹೇಗೂ ಉಂಟಲ್ಲ!”

ಕತ್ತಲಾಗುವ ಹೊತ್ತಿಗೆ ಇಗತಪುರಿಯಿಂದ ಕಿಟ್ಟಣ್ಣನ ಫೋನು ಬಂತು. “ಮೋಡ ನಿಜಕ್ಕೂ ಒಳಗೆ ಬರ್ತದೆ ಮಾರಾಯ! ನೀನು ಹೇಳಿದಾಗ ನಾನು ನಂಬಿರಲಿಲ್ಲ.”

ಒಂದು ಕೈಯಿಲ್ಲದ ಕುರ್ಚಿಯಲ್ಲಿ ಕೂತಿದ್ದ ರಾಯರಿಗೆ ಅಳು ಬಂದಂತಾಯಿತು. ಏನೋ ಹೇಳಹೊರಟರು. ಎದುರಿಗೆ ಗುರುಲಿಂಗಪ್ಪ ನಿಂತಿದ್ದರು.

“ಚಿಲ್ಲರ ಕೊಡ್ರಿ ಸಾಹೇಬ್ರ.”