ತಾನಾಗಿ ಕ್ಲೋರಿನ್ ಬಿಡುವ ಯಂತ್ರ

ಕಪ್ಪೆ ತನ್ನ ಪಾಡಿಗೆ ತಾನು ಕೂತಿತ್ತು. ಆದರೆ ಅದು ಕೂತದ್ದು ಉಪೇಂದ್ರರ ಈಜುಕೊಳದ ಮೆಟ್ಟಿಲ ಮೇಲೆ, ಅದೂ ಕೊಳ ತೊಳೆಸಿ ಟ್ಯಾಂಕರ್ ನೀರು ತುಂಬಿಸಿದ ಮರುದಿನವೇ. ಕೋಗಿಲು ಬಡಾವಣೆಯ ಆ ಮನೆಯ ಹಿತ್ತಲಲ್ಲಿ ಅದನ್ನು ಮೊದಲು ಕಂಡವರು ಅವರ ಹೆಂಡತಿ ಪುಟ್ಟಲಕ್ಷ್ಮಿ.

“ರೀ, ಇನ್ನೊಂದ್ಸಲ ನೀರು ಪಾಚಿ ಕಟ್ಟಿದ್ರೆ ಮಣ್ಣು ತುಂಬ್ಸಿ ಮಲ್ಲಿಗೆ ಹಾಕ್ತೀನಿ. ಆಮೇಲೆ ನನ್ನ ಅನ್ಬೇಡಿ.”

ತಮಾಷೆ ಎಂದುಕೊಳ್ಳುವಂತಿರಲಿಲ್ಲ. ಮಣ್ಣಿನ ಲಾರಿಯವನಿಗೆ ಆಕೆ ಆಗಲೇ ಫೋನ್ ಮಾಡಿ ವಿಚಾರಿಸಿದ್ದರು.

ಉಪೇಂದ್ರರಿಗೆ ಮಂಡಿನೋವು. ಈಜಿದರೆ ಹಗುರಾಗುತ್ತದೆ ಎಂದು ಡಾಕ್ಟರು ಹೇಳಿದ್ದಕ್ಕೇ ಕೊಳ ಕಟ್ಟಿಸಿದ್ದು. ಆದರೆ ದಿನಾ ಕ್ಲೋರಿನ್ ಸುರಿಯುವುದು ಮರೆತುಹೋಗುತ್ತಿತ್ತು. ನೆನಪಾದ ದಿನ, ಮರೆತ ದಿನಗಳದ್ದನ್ನೂ ಸೇರಿಸಿ ಸುರಿದುಬಿಡುತ್ತಿದ್ದರು. ಒಂದೋ ಪಾಚಿ, ಇಲ್ಲವೇ ಕಣ್ಣುರಿ. ಪಾಪ, ಮನುಷ್ಯ ಇದುವರೆಗೆ ಒಮ್ಮೆಯೂ ಈಜಿರಲಿಲ್ಲ.

ತಾನಾಗಿ ಕ್ಲೋರಿನ್ ಬಿಡುವ ಯಂತ್ರವೊಂದನ್ನು ಇವತ್ತೇ ತರಬೇಕೆಂದು ಅವರು ಯಶವಂತಪುರಕ್ಕೆ ಹೊರಟರು. ಪಕ್ಕದ ಮನೆಯ ಮೊಯಿನುದ್ದೀನ್ ಕರೆಯದೆಯೇ ಬಂದು ಸ್ಟೀರಿಂಗ್ ಹಿಡಿದರು.

“ಮಂಡಿನೋವಿರೋರು ಕ್ಲಚ್ ತುಳೀಬಾರ್ದು ಸಾಹೇಬ್ರೇ. ಸರೀರಿ ಆ ಕಡೆ.”

ಅಂಗಡಿಯವನು ಎರಡು ಯಂತ್ರ ಮುಂದಿಟ್ಟ. “ಇದು ಟೈಮರ್‌ದು ಸಾರ್, ನೀವು ಹೇಳಿದ್ ಹೊತ್ತಿಗೆ ಹೇಳಿದಷ್ಟು ಬಿಡತ್ತೆ. ಅದು ಸೆನ್ಸರ್‌ದು, ನೀರು ನೋಡ್ಕೊಂಡು ಬೇಕಾದಷ್ಟೇ ಬಿಡತ್ತೆ.”

“ಅರೆ, ಟೈಮರ್ ಸಾಕು. ನಿಮ್ ನೀರು ಎಲ್ಲಿಗೆ ಓಡೋಗತ್ತೆ?” ಎಂದರು ಮೊಯಿನುದ್ದೀನ್.

ಅಷ್ಟರಲ್ಲಿ ಬಡಾವಣೆ ಸಂಘದ ಅಧ್ಯಕ್ಷ ಪಂಚಪ್ಪನವರ ಫೋನ್. ಪುಟ್ಟಲಕ್ಷ್ಮಿಯಿಂದ ಅವರಿಗೆ ಸುದ್ದಿ ಮುಟ್ಟಿತ್ತು. “ಮಿಷನ್ನೇ ಬೇಡ ಸಾರ್. ಆಸ್ಪತ್ರೇಲಿ ಗ್ಲೂಕೋಸ್ ನೇತ್ಹಾಕ್ತಾರಲ್ಲ, ಹಂಗೆ ಒಂದು ಕ್ಯಾನ್ ನೇತ್ಹಾಕಿ.”

ಉಪೇಂದ್ರರಿಗೆ ರೇಗಿತು. “ನಂಗೆ ಸೆನ್ಸರ್‌ದೇ ಬೇಕು. ನಮ್ಮನೆ ನೀರು ನಲ್ಲಿ ನೀರಿಗಿಂತ ಚೆನ್ನಾಗಿರ್ಬೇಕು!” ಎಂದು ಅದನ್ನೇ ಕಟ್ಟಿಸಿದರು. ಯಂತ್ರದ ಫೋಟೋವನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೂ ಹಾಕಿದರು.

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಮೊಯಿನುದ್ದೀನ್ ಗಕ್ಕನೆ ಬ್ರೇಕ್ ಹಾಕಿದರು. ಯಂತ್ರದ ಜೊತೆ ಕೊಂಡು ಉಪೇಂದ್ರರು ತೊಡೆಯ ಮೇಲಿಟ್ಟುಕೊಂಡಿದ್ದ ಕ್ಲೋರಿನ್ ಕ್ಯಾನಿನ ಮುಚ್ಚಳ ಸಡಿಲವಿತ್ತು, ಚೆಲ್ಲಿಯೇಬಿಟ್ಟಿತು. ಚುರುಗುಟ್ಟಿದ್ದಕ್ಕೆ ಬಾಟಲಿ ನೀರು ಸುರಿದುಕೊಂಡದ್ದಾಯಿತು. ಮನೆ ಮುಟ್ಟುವಾಗ ಹೊಸ ನೀಲಿ ಪ್ಯಾಂಟಿನ ಮೇಲೆ ಬಿಳಿ ಭೂಪಟವೊಂದು ಮೂಡಿತ್ತು.

“ಇನ್ಮೇಲೆ ಅದನ್ನ ಹಾಕ್ಕೊಂಡು ಮದುವೆಗೆ ಬರ್ಬೇಡಿ,” ಎಂದಷ್ಟೇ ಹೇಳಿದರು ಪುಟ್ಟಲಕ್ಷ್ಮಿ.

ಪ್ಲಂಬರ್ ಯಂತ್ರ ಕೂರಿಸುವಾಗ ಅಕ್ಕಪಕ್ಕದವರೆಲ್ಲ ಕಾಂಪೌಂಡಿನ ಒಳಗೇ ಇದ್ದರು. ಯಂತ್ರ ಸಣ್ಣಗೆ ಗುನುಗುತ್ತ ಕೆಲಸ ಶುರುಮಾಡಿತು. ಸ್ವಲ್ಪ ಹೊತ್ತು ಬಿಟ್ಟು ಪಂಚಪ್ಪನವರೇ ಪರೀಕ್ಷೆಯ ಕಾಗದ ನೀರಿಗೆ ಅದ್ದಿ, ಕನ್ನಡಕ ಏರಿಸಿ ಬಣ್ಣ ಹೋಲಿಸಿದರು.

“ಕರೆಕ್ಟಾಗಿದೆ ಸಾರ್!”

ಉಪೇಂದ್ರರ ಎದೆ ಉಬ್ಬಿತು. “ಮತ್ತೆ? ಈ ನೀರಲ್ಲಿ ಸ್ನಾನ ಮಾಡ್ಬೋದು, ಪಾತ್ರೆ ತೊಳೀಬೋದು, ಬಟ್ಟೆ ಒಗೀಬೋದು. ನಮ್ ಬಡಾವಣೆ ಬೋರ್‌ವೆಲ್ ನೀರಿಗಿಂತ ಎಷ್ಟೋ ವಾಸಿ ಕಣ್ರೀ!”

ಹೀಗೆಂದು, ಕೊಂಡಂದಿನಿಂದ ಬೀರುವಿನಲ್ಲೇ ಇದ್ದ ಈಜುಚಡ್ಡಿ ಹುಡುಕಲು ಒಳಗೆ ಹೋದರು. ಹುಡುಕಿ, ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬರುವಷ್ಟರಲ್ಲಿ ಕೊಳದ ಸುತ್ತ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ನಿಂತಿದ್ದವು.

“ನಿಲ್ಲಿ ಸಾರ್, ಕಾಲಿಡ್ಬೇಡಿ!” ಪಂಚಪ್ಪ ಕೈ ಅಡ್ಡ ಹಿಡಿದರು. “ಈಗಷ್ಟೇ ಬೋರ್‌ವೆಲ್ ಮೋಟ್ರು ಸುಟ್ಟೋಯ್ತು. ಟ್ಯಾಂಕರ್‌ನೋನು ನಾಳೆ ಸಂಜೆ ಅಂತಾನೆ. ನೀರು ಎಂಥದ್ದು ಅಂತ ನೀವೇ ಎಲ್ಲರ ಮುಂದೆ ಹೇಳಿದ್ರಲ್ಲ, ಯಾರಿಗೂ ಅನುಮಾನ ಇಲ್ಲ.”

ಉಪೇಂದ್ರರು ಹೆಂಡತಿಯ ಮುಖ ನೋಡಿದರು. ಪುಟ್ಟಲಕ್ಷ್ಮಿ ಕೊಳದ ಅಂಚಿನಲ್ಲಿ ನಿಂತು ಕೊಡ ತುಂಬಿ ತುಂಬಿ ಕೊಡುತ್ತಿದ್ದರು. ಮದುವೆಯಾದಾಗಿನಿಂದ ಅವರನ್ನು ಇಷ್ಟು ಖುಷಿಯಾಗಿ ಕಂಡ ನೆನಪಿರಲಿಲ್ಲ.

“ಮಣ್ಣಿನ ಲಾರಿ ಬೇಡ ಅಂದ್ಬಿಟ್ಟೆ ಕಣ್ರೀ. ಕೊನೆಗೂ ಈ ಗುಂಡಿ ಉಪಯೋಗಕ್ಕೆ ಬಂತು.” ಹಾಗೆನ್ನುತ್ತಲೇ ತುಂಬಿದ ಎರಡು ಬಕೆಟ್‌ಗಳನ್ನು ಗಂಡನ ಮುಂದಿಟ್ಟರು. “ಮೊಯಿನುದ್ದೀನ್ ಅವ್ರ ಮನೆಯವ್ರು ಸಬೀರಾ ಮಹಡಿ ಮೇಲೆ ಕಾಯ್ತಿದಾರೆ. ಕೊಟ್ಬನ್ನಿ. ಡಾಕ್ಟ್ರೂ ನೀರಲ್ಲಿ ವ್ಯಾಯಾಮ ಮಾಡಿ ಅಂತಾನೇ ಅಲ್ವಾ ಹೇಳಿದ್ದು?”

ಉಪೇಂದ್ರರು ಆ ಚಡ್ಡಿಯಲ್ಲೇ ಮೊಯಿನುದ್ದೀನರ ಮೆಟ್ಟಿಲುಗಳನ್ನು ಸಂಜೆಯವರೆಗೂ ಹತ್ತಿ ಇಳಿದರು. ಮಂಡಿಗಳೆರಡೂ ಊದಿಕೊಂಡವು. ಕೊನೆಯ ಸಲ ಬಂದು ನೋಡಿದಾಗ ಕೊಳದ ತಳದಲ್ಲಿ ಒಂದು ಗೇಣು ನೀರು ಉಳಿದಿತ್ತು. ಅದರಲ್ಲಿ ಕಪ್ಪೆಯೊಂದು ಈಜುತ್ತಿತ್ತು.